ನಾಲ್ಕು ಚೌಕದ ಹಾಳೆ

ಮೈಸೂರಿನ ಪದವಿ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ತರಬೇತಿ ಎಂದರೆ ಸ್ವಾಟ್ ಹಾಳೆ ಬಂದೇ ಬರುತ್ತದೆ. ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ. ನಾಲ್ಕು ಚೌಕ ತುಂಬಿದವರು ತಮ್ಮನ್ನು ತಾವು ಅರಿತರು ಎಂಬ ನಂಬಿಕೆ ಬೇರೂರಿದೆ. ಈ ಹಾಳೆಗೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು. 1960ರ ದಶಕದ ಅಮೆರಿಕದಲ್ಲಿ ಕಂಪನಿಗಳ ಯೋಜನೆಗೆಂದು ಬೆಳೆದ ವಿಧಾನ ಇದು. ಕಂಪನಿಗೆ ಅಪಾಯವೆಂದರೆ ಪ್ರತಿಸ್ಪರ್ಧಿ. ಹುಣಸೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿ ಆ ಚೌಕದಲ್ಲಿ ಯಾರ ಹೆಸರು ಬರೆಯಬೇಕು? ಪಕ್ಕದಲ್ಲಿ ಕೂತ ಗೆಳತಿಯದೇ?

ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಚೌಕ. ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಮತ್ತೆ ಮತ್ತೆ ಬರೆಯುವ ಮಾತು 'ಇಂಗ್ಲಿಷ್‌ನಲ್ಲಿ ವೀಕ್'. ಇದನ್ನು ಬಿಡಿಸಿ ನೋಡಿ. ಯಾವ ಇಂಗ್ಲಿಷ್? ಬಿ.ಕಾಂ. ಪಠ್ಯವನ್ನು ಇಂಗ್ಲಿಷಿನಲ್ಲೇ ಓದಿ ಪಾಸಾದವಳಿಗೆ ಓದು ಬರುತ್ತದೆ. ಜಿಎಸ್‌ಟಿ ಬಿಲ್ಲಿನ ಒಂದೊಂದು ಕಾಲಮ್ಮೂ ಗೊತ್ತು. ಒಂದು ಮೇಲ್ ಬರೆಯಲು ಅರ್ಧ ಗಂಟೆ ಹಿಡಿದೀತು, ಆದರೂ ಬರೆಯುತ್ತಾಳೆ. ಗುರುತಿಲ್ಲದವರು ಫೋನಿನಲ್ಲಿ ಬಡಬಡನೆ ಮಾತಾಡಿದರೆ ಮಾತ್ರ ನಾಲಿಗೆ ಕಟ್ಟುತ್ತದೆ. ಕೊರತೆ ಇರುವುದು ಅಷ್ಟು ಸಣ್ಣ ಜಾಗದಲ್ಲಿ. 'ವೀಕ್' ಅದನ್ನು ಇಡೀ ಹುಡುಗಿಗೆ ಬಳಿದುಬಿಡುತ್ತದೆ. ಫೋನಿನ ಮಾತನ್ನು ಮೂರು ತಿಂಗಳು ರೂಢಿ ಮಾಡಿಕೊಳ್ಳಬಹುದು. ಹಾಗೆ ಬಳಿದುಕೊಂಡ 'ವೀಕ್' ಅನ್ನು ಎಲ್ಲಿಂದ ತಿದ್ದಲು ಶುರುಮಾಡುವುದು?

ಐಟಿಐನ ಫಿಟ್ಟರ್ ಹುಡುಗರನ್ನು ನೋಡಿ. ಫೈಲ್ ಮಾಡಿದ ಕಬ್ಬಿಣದ ತುಂಡಿಗೆ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಸಂದಿನಲ್ಲಿ ಬೆಳಕು ತೂರಿದರೆ ಮೂಲೆ ಸರಿಯಿಲ್ಲ. ವರ್ನಿಯರ್ ಕ್ಯಾಲಿಪರ್ 0.02 ಮಿ.ಮೀ. ವ್ಯತ್ಯಾಸವನ್ನೂ ತೋರಿಸುತ್ತದೆ. ತಪ್ಪು ಎಲ್ಲಿ, ಎಷ್ಟು ಎಂದು ಹುಡುಗನಿಗೇ ಕಾಣುತ್ತದೆ. ಇದನ್ನು ಯಾರೂ ಸ್ವ-ಮೌಲ್ಯಮಾಪನವೆಂದು ಕರೆಯುವುದಿಲ್ಲ, ನಾನು ಕರೆಯುತ್ತೇನೆ.

ಸ್ವ-ಮೌಲ್ಯಮಾಪನವೇ ನಿರುದ್ಯೋಗದ ಹೊಣೆಯನ್ನು ಯುವಜನರ ತಲೆಗೆ ಕಟ್ಟುವ ಹುನ್ನಾರ ಎನ್ನುವ ವಿಮರ್ಶಕರಿದ್ದಾರೆ. ಅರ್ಧ ಒಪ್ಪುತ್ತೇನೆ: ಹಾಳೆ ತುಂಬಿದ ಮಾತ್ರಕ್ಕೆ ಕೆಲಸ ಹುಟ್ಟುವುದಿಲ್ಲ. 2024ರ ಜನವರಿಯಲ್ಲಿ ಯುವನಿಧಿ ಯೋಜನೆಗೆ ಚಾಲನೆ ಕೊಟ್ಟು, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡಲು ಹೊರಟ ಸರ್ಕಾರವೂ ಅದನ್ನು ಒಪ್ಪಿಕೊಂಡಂತಾಯಿತು. ಆದರೆ ಆ ಹಣ ಬರುವುದು ಹೆಚ್ಚೆಂದರೆ ಎರಡು ವರ್ಷ. ಅಷ್ಟೂ ದಿನ ಆ ಬಿ.ಕಾಂ. ಹುಡುಗಿ ತನ್ನ ಕೈಯಲ್ಲಿ ಏನಿದೆಯೆಂದು ನೋಡಿಕೊಳ್ಳದೆ ಕೂರಬೇಕೆ? ವೇದಿಕೆಯಲ್ಲಿ ನಿಂತು ಹುನ್ನಾರ ಎನ್ನುವವರ ಸಂಬಳ ತಿಂಗಳಾ ತಪ್ಪದೆ ಬರುತ್ತದೆ. ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ನಾಳಿನ ಸಂದರ್ಶನಕ್ಕೆ ಅದು ಅವಳ ಜೊತೆ ಹೋಗುವುದಿಲ್ಲ.

ಅವಳ ಮುಂದೆ ನಾನು ಇಡುವ ಹಾಳೆಯಲ್ಲಿ ಚೌಕಗಳಿರುವುದಿಲ್ಲ. ಒಂದು ಅಂಗಡಿಯ ಒಂದು ತಿಂಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಒಬ್ಬಳೇ ಹಾಕಿದ್ದೀಯಾ? ಎಷ್ಟು ಹೊತ್ತು ಹಿಡಿಯಿತು? ಎಲ್ಲಿ ತಾಳೆಯಾಗಲಿಲ್ಲ?