ಕೂಗಿದ ಹಿಟ್ಟಿನ ಕೋಳಿ: ‘ಯಶೋಧರ ಚರಿತೆ’ಯ ಬಲಿಪ್ರಸಂಗ

ಕ್ರಿ.ಶ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯ ಮಾತು ಬಂದೊಡನೆ ವಿಮರ್ಶಕರ ಲೇಖನಿ ಅಮೃತಮತಿಯ ಅಂತಃಪುರದತ್ತ ಹರಿಯುವುದು ರೂಢಿಯಾಗಿದೆ. ಇರುಳಿನಲ್ಲಿ ಕೇಳಿಬಂದ ಮಾವುತನ ಗಾನ, ವಿರೂಪಿಯಾದ ಅಷ್ಟಾವಂಕನಲ್ಲಿ ರಾಣಿಗೆ ಹುಟ್ಟಿದ ಮೋಹ, ಕತ್ತಿ ಹಿರಿದ ಅರಸನು ಕೈ ತಡೆದುಕೊಂಡ ಗಳಿಗೆ, ಇವುಗಳ ಮೇಲೆ ಬಂದಿರುವ ಬರಹಕ್ಕೆ ಕೊರತೆಯಿಲ್ಲ. ಆದರೆ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿಯ ಕಥೆ ಆರಂಭವಾಗುವುದು ಚಂಡಮಾರಿಯ ಜಾತ್ರೆಯಲ್ಲಿ. ಪ್ರಾಣಿಗಳ ಬಲಿ ಸಾಲದೆಂದು ಮಾರಿದತ್ತನು ಮನುಷ್ಯರ ಜೋಡಿಯನ್ನೂ ತರಿಸುತ್ತಾನೆ. ಬಲಿಗೆಂದು ಹಿಡಿದು ತಂದ ಅಭಯರುಚಿ, ಅಭಯಮತಿಯರು ಅಂಜದೆ ನಿಂತುದನ್ನು ಕಂಡು ಅವರ ವೃತ್ತಾಂತವನ್ನು ಕೇಳುತ್ತಾನೆ. ಅಮೃತಮತಿಯ ಪ್ರಸಂಗವೆಲ್ಲವೂ ಹೀಗೆ ಬಲಿಯ ಕತ್ತಿಯ ಕೆಳಗೆ ನಿಂತವನು ಹೇಳಿದ ಕಥೆ. ಇದನ್ನು ಮರೆತು ಓದಿದರೆ ಕಾವ್ಯದ ಅರ್ಧವೇ ಕೈಗೆ ಸಿಗುತ್ತದೆ.

ಜೈನ ಮನೆಗಳಲ್ಲಿ ಈ ಕಾವ್ಯಕ್ಕೆ ಇನ್ನೊಂದು ಬಗೆಯ ಅನ್ಯಾಯವಾಗಿದೆ. ಅಲ್ಲಿ ಮಕ್ಕಳಿಗೆ ಇದನ್ನು ಹೇಳುವುದು ಬಲಿಕೊಡುವ ಪರರ ಮೇಲಿನ ಆರೋಪಪಟ್ಟಿಯಂತೆ. ಆದರೆ ಯಶೋಧರನು ಹಿಂಸೆಯಲ್ಲಿ ರುಚಿಯುಳ್ಳವನಲ್ಲ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹೇಳಿದಾಗ ಅವನು ಜೀವದಯೆಯ ಪರವಾಗಿಯೇ ವಾದಿಸುತ್ತಾನೆ. ತಾಯಿ ಬಿಡುವುದಿಲ್ಲ. ಕೊನೆಗೆ ಜೀವವುಳ್ಳ ಕೋಳಿ ಬೇಡ, ಹಿಟ್ಟಿನ ಕೋಳಿಯಾಗಲಿ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಇದು ಚೌಕಾಶಿ. ತಾಯಿಯ ಮನಸ್ಸೂ ಉಳಿಯಬೇಕು, ತನ್ನ ವ್ರತವೂ ಉಳಿಯಬೇಕು. ಹಿಟ್ಟಿನ ಕೋಳಿ ಎಷ್ಟು ಸಹಜವಾಗಿತ್ತೆಂದರೆ ಬೆಂತರವೊಂದು ಅದರೊಳಗೆ ಹೊಕ್ಕಿತು. ಕತ್ತಿ ಬಿದ್ದಾಗ ಅದು ಕೂಗಿತು. ಅರಸನ ಕತ್ತಿ ಕತ್ತರಿಸಿದ್ದು ಹಿಟ್ಟನ್ನು, ಅವನ ಸಂಕಲ್ಪ ಕತ್ತರಿಸಿದ್ದು ಕೋಳಿಯನ್ನು ಎಂಬುದು ಆ ಒಂದು ಕೂಗಿನಿಂದ ಅವನಿಗೇ ತಿಳಿಯುತ್ತದೆ. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಭಯಂಕರವಾದ ಸದ್ದು ಇನ್ನೊಂದಿರಲಾರದು. ಏಳು ಶತಮಾನಗಳ ಅನಂತರ ಗಿರೀಶ ಕಾರ್ನಾಡರು ಇದೇ ವಸ್ತುವಿನಿಂದ ನಾಟಕ ಬರೆದಾಗ ಹೆಸರನ್ನೂ ಈ ಪ್ರಸಂಗದಿಂದಲೇ ಆರಿಸಿಕೊಂಡು ‘ಹಿಟ್ಟಿನ ಹುಂಜ’ ಎಂದು ಕರೆದರು.

ಆದರೆ ಹಿಟ್ಟಿನ ಕೋಳಿಯ ಬಳಿಯೇ ಓದು ನಿಂತರೆ ಒಂದು ಅಪಾಯವುಂಟು. ಸಂಕಲ್ಪವೇ ಸರ್ವಸ್ವವೆಂದಾದರೆ ಪ್ರಾಣಿ ಹೇಗೆ ಸತ್ತಿತೆಂಬ ಪ್ರಶ್ನೆಗೆ ಬೆಲೆಯೇ ಉಳಿಯುವುದಿಲ್ಲ. ಕಸಾಯಿಖಾನೆಯ ಸುಧಾರಣೆಯ ಮಾತು ಬಂದಾಗ ಶ್ರಾವಕರ ಸಭೆಗಳಲ್ಲಿ ಕೇಳಿಬರುವ ಉತ್ತರವೂ ಇದೇ: ಕೊಲ್ಲುವುದೇ ಪಾಪವಾಗಿರುವಾಗ ಹೇಗೆ ಕೊಂದರೇನು? ಕೇಳಲು ಬಹು ಉನ್ನತವಾದ ಈ ಮಾತಿಗೆ ಜನ್ನನಲ್ಲಿ ಆಧಾರವಿಲ್ಲ. ಏಕೆಂದರೆ ಅವನ ಕಥೆ ಮುಂದೆ ಸಾಗುವುದು ಪ್ರಾಣಿಗಳ ಶರೀರದೊಳಗೆ. ತಾಯಿಮಗ ಇಬ್ಬರೂ ನಾಯಿ-ನವಿಲು, ಹಾವು-ಮುಳ್ಳುಹಂದಿ, ಮೊಸಳೆ-ಮೀನುಗಳಾಗಿ, ಆಡು, ಹೋತ, ಕೋಣಗಳಾಗಿ, ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಪ್ರತಿ ಜನ್ಮದಲ್ಲಿಯೂ ನೊಂದು ಸಾಯುತ್ತಾರೆ. ತಂದೆಯ ಶ್ರಾದ್ಧಕ್ಕೆಂದು ಮಗನ ಮನೆಯಲ್ಲಿ ಬೇಯುವುದು ತಂದೆಯೇ ಎಂಬ ಕ್ರೂರ ವಿನೋದವೂ ಯಶೋಧರನ ಕಥಾಪರಂಪರೆಯಲ್ಲಿದೆ. ಕರ್ಮಫಲದ ಉದಾಹರಣೆಗಳೆಂದು ಈ ಭಾಗವನ್ನು ಬೇಗ ದಾಟಿಬಿಡುವವರೇ ಹೆಚ್ಚು. ಕವಿ ಮಾತ್ರ ದಾಟಿಲ್ಲ. ಹಿಟ್ಟಿನ ಕೋಳಿಗೆ ನೋವಿರಲಿಲ್ಲ. ಇವುಗಳಿಗೆ ನೋವಲ್ಲದೆ ಬೇರೇನೂ ಇಲ್ಲ. ಹಿಂಸೆಯನ್ನು ಕೊಲ್ಲುವವನ ಮನಸ್ಸಿನಿಂದ ಒಮ್ಮೆ ಅಳೆದ ಕಾವ್ಯ, ಸಾಯುವ ದೇಹದಿಂದ ಮತ್ತೊಮ್ಮೆ ಅಳೆಯುತ್ತದೆ. ತತ್ತ್ವಾರ್ಥಸೂತ್ರವೂ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದ, ಪ್ರಾಣಹರಣ ಎರಡನ್ನೂ ಒಟ್ಟಿಗೆ ಇರಿಸಿದೆ.

ಈ ಎರಡು ಅಳತೆಗಳ ನಡುವೆ ಕಾಯಿದೆಯೂ ತೂಗಾಡುತ್ತಿದೆ. ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯಿದೆ ದೇವಾಲಯದಲ್ಲಿ, ಅದರ ಆವರಣದಲ್ಲಿ ಬಲಿಯನ್ನು ನಿಷೇಧಿಸಿತು. ಮರುವರ್ಷವೇ, 1960ರಲ್ಲಿ, ಕೇಂದ್ರವು ಮಾಡಿದ ಪ್ರಾಣಿಹಿಂಸೆ ತಡೆ ಕಾಯಿದೆಯ 28ನೆಯ ಕಲಮು, ಯಾವುದೇ ಸಮುದಾಯದ ಧರ್ಮವು ವಿಧಿಸಿದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಆ ಕಾಯಿದೆಯಡಿ ಅಪರಾಧವಾಗದು ಎಂದಿತು. ನೋವಿನ ಪ್ರಶ್ನೆಯನ್ನು ಧರ್ಮದ ಬಾಗಿಲಲ್ಲಿ ತಡೆದು ನಿಲ್ಲಿಸಿದ ಕಲಮು ಇದು.

ಆದರೂ ಆ ಬಾಗಿಲಿನೊಳಗೆ ದಯೆಯೇ ಇಲ್ಲವೆಂದು ತಿಳಿಯುವುದು ಅನ್ಯಾಯ. ಯೆಹೂದ್ಯರ ವಿಧಿಯಲ್ಲಿ ಕತ್ತಿಯ ಅಲಗಿನಲ್ಲಿ ಸಣ್ಣ ಮುಕ್ಕೂ ಇರಬಾರದು. ಕೊಯ್ಯುವ ಮೊದಲೂ ಅನಂತರವೂ ಅದನ್ನು ಪರೀಕ್ಷಿಸಬೇಕು. ಇಸ್ಲಾಮಿನ ಸಂಪ್ರದಾಯದಲ್ಲಿ ಪ್ರಾಣಿಯ ಮುಂದೆ ಕತ್ತಿ ಮಸೆಯುವುದು ಸಲ್ಲದು. ಈ ಕಟ್ಟಳೆಗಳ ಹಿಂದೆ ಇದ್ದುದು ನೋವನ್ನು ಕಡಿಮೆ ಮಾಡುವ ಯೋಚನೆಯೇ. ದಿನವೊಂದಕ್ಕೆ ಸಾವಿರಾರು ತಲೆಗಳನ್ನು ಸಾಗಿಸುವ ಇಂದಿನ ಕಾರ್ಖಾನೆಯಲ್ಲಿ ಆ ನಿಧಾನಕ್ಕೆ ಎಡೆಯೆಲ್ಲಿದೆ ಎಂಬುದು ಬೇರೆಯ ಪ್ರಶ್ನೆ. ಅಲ್ಲಿ ಧರ್ಮಕ್ಕಿಂತ ಯಂತ್ರದ ವೇಗವೇ ಹೆಚ್ಚು ಕ್ರೂರವಾದುದು.

ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತವು 2017ರಲ್ಲಿ ಕಾಯಿದೆ ಮಾಡಿ, 2019ರ ಜನವರಿಯಿಂದ, ಪ್ರಜ್ಞೆ ತಪ್ಪಿಸದೆ ಪ್ರಾಣಿಯನ್ನು ಕೊಯ್ಯುವುದನ್ನು ನಿಷೇಧಿಸಿತು. ಧಾರ್ಮಿಕ ವಿಧಿಗಾಗಿ ಒಂದು ನಡುದಾರಿಯನ್ನೂ ಇಟ್ಟಿತು: ಪ್ರಾಣಿ ಸಾಯದಂತೆ, ಬಿಟ್ಟರೆ ಮರಳಿ ಎಚ್ಚರಗೊಳ್ಳುವಂತೆ ವಿದ್ಯುತ್ತಿನಿಂದ ಪ್ರಜ್ಞೆ ತಪ್ಪಿಸಿ ಕೊಯ್ಯಬಹುದು. ಯೆಹೂದಿ, ಮುಸ್ಲಿಂ ಸಂಘಗಳು ನ್ಯಾಯಾಲಯಕ್ಕೆ ಹೋದವು. 2020ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2024ರ ಫೆಬ್ರುವರಿಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವೂ ಕಾಯಿದೆಯ ಪರವಾಗಿಯೇ ತೀರ್ಪಿತ್ತವು. ಜನ್ನನ ಓದುಗನಿಗೆ ಇದು ಯಶೋಧರನ ಚೌಕಾಶಿಯನ್ನು ತಿರುವಿ ಇಟ್ಟಂತೆ ತೋರೀತು. ಅಲ್ಲಿ ಸಾವಿಲ್ಲದೆ ಸಂಕಲ್ಪ ಉಳಿಯಿತು. ಇಲ್ಲಿ ಸಾವು ಉಳಿದು ನೋವು ಕಡಿಮೆಯಾಯಿತು. ಎರಡೂ ಅರೆಬರೆಯೇ. ಆದರೆ ಮೊದಲನೆಯದರಿಂದ ಲಾಭವಾದದ್ದು ಅರಸನ ಮನಸ್ಸಮಾಧಾನಕ್ಕೆ, ಅದೂ ಕೋಳಿ ಕೂಗುವವರೆಗೆ ಮಾತ್ರ. ಎರಡನೆಯದರ ಲಾಭ ಕತ್ತಿಯ ಕೆಳಗಿರುವ ಪ್ರಾಣಿಗೆ. ಹೋತದ, ಕೋಣದ ಜನ್ಮಗಳನ್ನು ಕಾವ್ಯದಲ್ಲಿ ಓದಿದವರು ಈ ವ್ಯತ್ಯಾಸವನ್ನು ತಳ್ಳಿಹಾಕುವಂತಿಲ್ಲ.

ಜೈನ ಸಮಾಜವು ತನ್ನ ಲೆಕ್ಕಪುಸ್ತಕವನ್ನೂ ತೆರೆದು ನೋಡಬೇಕಾಗಿದೆ. ಪರ್ಯೂಷಣದ 9 ದಿನ ಅಹಮದಾಬಾದಿನ ಪೌರಸಭೆಯ ಕಸಾಯಿಖಾನೆಗಳನ್ನು ಮುಚ್ಚುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಎತ್ತಿಹಿಡಿದಾಗ ಸಮಾಜ ಹರ್ಷಪಟ್ಟಿತು, ಹರ್ಷ ಸಹಜವೇ. ಆದರೆ ಉಳಿದ 356 ದಿನಗಳು ಖರ್ಚಿನ ಕಡೆಯಲ್ಲಿ ಬರೆಯಲ್ಪಡುತ್ತಲೇ ಇವೆ. ತಾನು ಮಾಡುವುದು, ಮಾಡಿಸುವುದು, ಒಪ್ಪುವುದು ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟ ಧರ್ಮದಲ್ಲಿ, ಎಲುಬು-ತೊಗಲುಗಳಿಂದ ತೆಗೆದ ಜೆಲಟಿನ್ನಿನ ಕ್ಯಾಪ್ಸೂಲುಗಳನ್ನು ಮಾರಿ ಬಂದ ಹಣ ಯಾವ ಖಾತೆಗೆ ಸೇರತಕ್ಕದ್ದು? ಬಸದಿಯಲ್ಲಿ ಅಭಿಷೇಕಕ್ಕೆ ಉಡುವ ಪಟ್ಟೆಯ ಮಡಿಯಾದರೂ ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿಯೋ ಹಬೆಯಲ್ಲಿಯೋ ಕೊಂದು ತೆಗೆದ ನೂಲು. ಅದಕ್ಕೆ ಕೂಗಲು ಬೆಂತರವೂ ಹೊಕ್ಕಿಲ್ಲ.

ಕಸಾಯಿಖಾನೆಗಳಿಗಾಗಿ 2001ರಲ್ಲಿ ಮಾಡಿದ ನಿಯಮಗಳ ಪ್ರಕಾರ ಒಂದು ಪ್ರಾಣಿಯ ಕಣ್ಣೆದುರಿಗೆ ಇನ್ನೊಂದನ್ನು ಕೊಲ್ಲತಕ್ಕದ್ದಲ್ಲ. ತಮ್ಮ ಊರಿನಲ್ಲಿ ಈ ನಿಯಮ ನಡೆಯುತ್ತಿದೆಯೇ ಎಂದು ನಗರಸಭೆಗೆ ಒಂದು ಪತ್ರ ಬರೆದು ಕೇಳಲು ಬಸದಿಯ ಟ್ರಸ್ಟುಗಳು ಮುಂದಿನ ಪರ್ಯೂಷಣದವರೆಗೆ ಕಾಯಬೇಕಾಗಿಲ್ಲ.