ಕ್ರೇಟಿನ ಮಾವು, ಮನೆಯ ಲೆಕ್ಕ

ಮೇ ಬಂತೆಂದರೆ ಶ್ರೀನಿವಾಸಪುರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟ್ರ್ಯಾಕ್ಟರು, ಟೆಂಪೋಗಳ ನಡುವೆ ಬೆಂಗಳೂರಿನ ಕಾರುಗಳೂ ಕಾಣಿಸುತ್ತವೆ. ಒಂದೆರಡು ಕ್ರೇಟು ಬಾದಾಮಿ, ಒಂದು ಕ್ರೇಟು ರಸಪುರಿ ಡಿಕ್ಕಿಗೆ ತುಂಬಿಕೊಂಡು ಹೊರಡುವವರಿಗೆ ಎರಡು ತೃಪ್ತಿ: ಅಗ್ಗಕ್ಕೆ ಸಿಕ್ಕಿತು, ದಲ್ಲಾಳಿಯಿಲ್ಲದೆ ಸಿಕ್ಕಿತು. ಮೊದಲನೆಯದು ಅರ್ಧ ನಿಜ. ಎರಡನೆಯದು ನಿಜವೇ ಅಲ್ಲ, ಮಂಡಿಯವರೇ ದಲ್ಲಾಳಿಗಳು. ಹೂವು ಬಿಟ್ಟಾಗಲೇ ತೋಟವನ್ನು ಗುತ್ತಿಗೆ ಹಿಡಿದವರು, ರೈತರಿಗೆ ಮುಂಗಡ ಕೊಟ್ಟು ಕಾಯಿ ತಮ್ಮ ಅಂಗಳಕ್ಕೇ ಬರುವಂತೆ ನೋಡಿಕೊಂಡವರು, ಇವರೆಲ್ಲರ ಪಾಲೂ ಆ ಕ್ರೇಟಿನ ಬೆಲೆಯೊಳಗಿದೆ.

ಅಗ್ಗದ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ಕ್ರೇಟಿನಲ್ಲಿ ಸುಮಾರು 20 ಕೆ.ಜಿ. ಹಣ್ಣು. ಒಂದೇ ದಿನ ಕಿತ್ತ ಕಾಯಿ ಹೆಚ್ಚುಕಡಿಮೆ ಒಟ್ಟಿಗೇ ಮಾಗುತ್ತದೆ. ನಾಲ್ಕು ಜನರ ಮನೆಯಲ್ಲಿ ಮೊದಲ ಮೂರು ದಿನ ಹಬ್ಬ, ನಾಲ್ಕನೆಯ ದಿನದಿಂದ ಸೀಕರಣೆಯ ಬಲವಂತ. ತೊಟ್ಟಿನ ಬುಡದಿಂದ ಕಪ್ಪು ಹರಡಿದವನ್ನು ಆರಿಸಿ ಎಸೆಯಬೇಕು. ಬಾದಾಮಿಯ ದೋಷವಂತೂ ಹೊರಗೆ ಕಾಣುವುದೇ ಇಲ್ಲ: ಸಿಪ್ಪೆ ಹೊಳೆಯುತ್ತಿರುತ್ತದೆ, ಕೊಯ್ದರೆ ಒಳಗಿನ ತಿರುಳು ಸ್ಪಂಜಿನಂತೆ ಹುಳಿಬಿದ್ದಿರುತ್ತದೆ. ತಂದ ಹಣ್ಣಿಗಲ್ಲ, ತಿಂದ ಹಣ್ಣಿಗೆ ಬೆಲೆ ಹಚ್ಚಬೇಕು. ಪೆಟ್ರೋಲನ್ನೂ ಸೇರಿಸಿದರೆ ಬಡಾವಣೆಯ ಹಾಪ್‌ಕಾಮ್ಸ್ ಅಷ್ಟೇನೂ ದುಬಾರಿ ಅನ್ನಿಸದು.

ಸಗಟು ಖರೀದಿ ಹುಟ್ಟಿದ್ದೇ ದಿನಕ್ಕೆ ಮಣಗಟ್ಟಲೆ ಖರ್ಚು ಮಾಡುವವರಿಗಾಗಿ. 2003ರಲ್ಲಿ ಯಶವಂತಪುರದಲ್ಲಿ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿಯ ದೊಡ್ಡ ಸಗಟು ಮಳಿಗೆ ತೆರೆದಾಗ ಅದರ ಕಾರ್ಡು ಹೋಟೆಲಿನವರಿಗೆ, ಅಂಗಡಿಯವರಿಗೆ ಸಿಗುತ್ತಿತ್ತು, ಗೃಹಸ್ಥರಿಗಲ್ಲ. ಆ ಕಟ್ಟಳೆ ಕಂಡು ಆಗ ಮುನಿದವರುಂಟು. ತರಕಾರಿ, ಹಣ್ಣಿನ ಮಟ್ಟಿಗೆ ಅದರಲ್ಲಿ ವಿವೇಕವೇ ಇತ್ತೆಂದು ನನ್ನ ಎಣಿಕೆ. ಅಕ್ಕಿ ಮೂಟೆ ಕಾಯುತ್ತದೆ, ರಸಪುರಿ ಕಾಯುವುದಿಲ್ಲ.

ಆದರೂ ಮಂಡಿಗೆ ಹೋಗುವುದರಲ್ಲಿ ಒಂದು ದೊಡ್ಡ ಗುಣವಿದೆ, ಹೋಗುವವರೇ ಅದನ್ನು ಹೇಳಿಕೊಳ್ಳುವುದಿಲ್ಲ. ಅಲ್ಲಿ ಬಲಿತ ಕಾಯಿ ಸಿಗುತ್ತದೆ, ಬಣ್ಣ ಬರಿಸಿದ ಹಣ್ಣಲ್ಲ. ಕ್ಯಾಲ್ಸಿಯಂ ಕಾರ್ಬೈಡಿನಲ್ಲಿ ಮಾಗಿಸುವುದನ್ನು ಆಹಾರ ಸುರಕ್ಷತೆಯ ನಿಯಮ ನಿಷೇಧಿಸಿದೆ. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿಯಿದೆ. ಅಂಗಡಿಯಲ್ಲಿ ಯಾವುದು ಯಾವುದರಿಂದ ಹಳದಿಯಾಯಿತೆಂದು ಹೇಳುವವರಾರು? ಕಾಯಿಯನ್ನೇ ತಂದು ಹುಲ್ಲಿನಲ್ಲಿ ಅಡೆ ಹಾಕಿದರೆ ಆ ಸಂಶಯವಿಲ್ಲ. ತೊಟ್ಟು ಉಳಿದಿರುವ, ಸೊನೆ ಬಿದ್ದು ಸಿಪ್ಪೆ ಸುಡದಿರುವ ಕಾಯಿಯನ್ನು ನೋಡಿ ಕೊಳ್ಳಬೇಕು. ಮಲ್ಲಿಕಾ ಆದರೆ ಇನ್ನೂ ಒಳ್ಳೆಯದು, ನಿಧಾನಕ್ಕೆ ಮಾಗಿ ಕ್ರೇಟಿನವರಿಗೆ ಉಸಿರಾಡಲು ಬಿಡುತ್ತದೆ. ಅಪಾರ್ಟ್‌ಮೆಂಟಿನ ನಾಲ್ಕಾರು ಮನೆಯವರು ಸೇರಿ ತಂದು ಹಂಚಿಕೊಂಡರೆ ನನ್ನ ಆಕ್ಷೇಪಗಳಲ್ಲಿ ಬಹುಪಾಲು ಬಿದ್ದುಹೋಗುತ್ತವೆ.

ಉಳಿಯುವುದು ಒಂದೇ. ಇದರಿಂದ ರೈತರಿಗೆ ನೆರವಾಗುತ್ತಿದೆ ಎಂಬ ಮಾತು. ಶ್ರೀನಿವಾಸಪುರ ತಾಲ್ಲೂಕಿನ ಬದುಕು ನಿಂತಿರುವುದು ಬಾದಾಮಿಗಿಂತ ಹೆಚ್ಚಾಗಿ ತೋತಾಪುರಿಯ ಮೇಲೆ, ಅದು ಹೋಗುವುದು ಆಂಧ್ರದ ಚಿತ್ತೂರು ಕಡೆಯ ಪಲ್ಪ್ ಕಾರ್ಖಾನೆಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿತು. ಗಡಿಯಲ್ಲಿ ಲೋಡು ನಿಂತಿತು, ಬೆಲೆ ನೆಲಕ್ಕಿಳಿಯಿತು, ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿಯಂತೆ ಬೆಲೆ ಬೆಂಬಲಕ್ಕೆ ಒಪ್ಪಿತು. ಅಂಥ ಹೊತ್ತಿನಲ್ಲಿ ಊರಿಗೆ ಬೇಕಾದದ್ದು ನಮ್ಮ ಕಾರಿನ ಡಿಕ್ಕಿಯಲ್ಲ, ಗಡಿಯ ಈಚೆ ದೊಡ್ಡ ಪಲ್ಪ್ ಘಟಕಗಳು. ಬೆಂಗಳೂರಿನ ಮನೆಗಳಿಗೆ ಬೇಕಾದಷ್ಟು ಹಣ್ಣನ್ನಂತೂ ಮಾವು ಅಭಿವೃದ್ಧಿ ನಿಗಮದ ಕರ್ಸಿರಿ ಜಾಲತಾಣ 3 ಕೆ.ಜಿ.ಯ ಪೆಟ್ಟಿಗೆಯಲ್ಲಿ, ಬೆಳೆದವರಿಂದಲೇ, ಅಂಚೆಯಲ್ಲಿ ಕಳಿಸುತ್ತದೆ. ಕಿಲೋ ಲೆಕ್ಕದಲ್ಲಿ ಅದು ಮಂಡಿಗಿಂತ ದುಬಾರಿ. ಚಿಕ್ಕ ಸಂಸಾರಕ್ಕೆ ನಾನು ಅದನ್ನೇ ಹೇಳುವುದು, ಕ್ರೇಟು ಮದುವೆಮನೆಗಿರಲಿ.