ಕಮಾನಿನ ಹಿಂದಿನ ತೊಟ್ಟಿ

ಅತ್ತಿಬೆಲೆಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹೊಸೂರು ರಸ್ತೆಯ ಆಚೀಚೆ ಪಿಜಿಗಳದ್ದೇ ಕಾರುಬಾರು. ನಡುವೆ ಕಾರಿಡಾರ್, ಎರಡೂ ಕಡೆ ರೂಮು, ಹಗಲಲ್ಲೂ ಟ್ಯೂಬ್‌ಲೈಟು. ಬಾಡಿಗೆ ಲೆಕ್ಕ ಮಂಚಕ್ಕಿಷ್ಟು. ಶೋಕಿಯೆಲ್ಲ ಮುಂಭಾಗಕ್ಕೆ: ಗಾಜು, ದಪ್ಪ ಕಂಬ, ಒಮ್ಮೊಮ್ಮೆ ಕಮಾನು.

ಕಮಾನಿನ ಶೋಕಿ ಪ್ಯಾರಿಸ್ಸಿಗೂ ಇತ್ತು. 1925ರಲ್ಲಿ ಬಾಗಿಲು ತೆರೆದ ಅಲ್ಲಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ನಗರಿಯಲ್ಲಿ 1953ರ ಹೊತ್ತಿಗೆ ಮೊರಾಕೊ ಭವನ ಎದ್ದಿತು. ವಿನ್ಯಾಸಕಾರರಲ್ಲಿ ಪ್ರಮುಖ ಆಲ್ಬೆರ್ ಲಾಪ್ರಾದ್, ಫ್ರೆಂಚರ ಹಿಡಿತದಲ್ಲಿದ್ದ ಮೊರಾಕೊದಲ್ಲಿ ಪಳಗಿದವರು. ಒಳಗಿನ ದಿವಾನಖಾನೆಯಲ್ಲಿ ಬಣ್ಣದ ಹೆಂಚಿನ ಚೂರುಗಳ ಜೆಲ್ಲಿಜ್, ಕೊರೆದ ಗಾರೆ, ದೇವದಾರು. ಕುಸುರಿಗೆ ಹೆಸರಿಡುವಂತಿಲ್ಲ. ಅದೇ 1953ರ ಆಗಸ್ಟಿನಲ್ಲಿ ಫ್ರಾನ್ಸ್ ಸುಲ್ತಾನ ಐದನೇ ಮೊಹಮ್ಮದರನ್ನು ದೇಶದಿಂದ ಹೊರಗಟ್ಟಿತು. ಅಲಂಕಾರ ಬೇಕಿತ್ತು, ದೊರೆ ಬೇಡವಾಗಿದ್ದ!

ಮೊರಾಕೊದ ಅಸಲಿ ವಿದ್ಯಾರ್ಥಿನಿಲಯ ನೋಡಬೇಕೆಂದರೆ ಮರಾಕೇಶಿನ ಬೆನ್ ಯೂಸುಫ್ ಮದರಸಾಕ್ಕೇ ಹೋಗಬೇಕು. 16ನೇ ಶತಮಾನದ್ದು. ನಡುವೆ ಕೊಳವಿರುವ ಅಂಗಳ, ಸುತ್ತ ಎರಡು ಅಂತಸ್ತಿನಲ್ಲಿ 130ರಷ್ಟು ಪುಟ್ಟ ಕೋಣೆಗಳು. ಅಂಗಳಕ್ಕೆ ತಾಗದ ಕೋಣೆಗಳಿಗೂ ಗಾಳಿ ಬೆಳಕು ಸಿಗಲೆಂದು ಅಲ್ಲಲ್ಲಿ ಸಣ್ಣ ತೊಟ್ಟಿಗಳು. ಮಲೆನಾಡಿನ ತೊಟ್ಟಿಮನೆ ಕಂಡವರಿಗೆ ಈ ಉಪಾಯ ಹೊಸದೇನಲ್ಲ.

ಬನ್ನೇರುಘಟ್ಟ ರಸ್ತೆಯ ಐಐಎಂ ಆ ಜಾಣ್ಮೆಯ ಹತ್ತಿರದ ನೆಂಟ. ವಾಸ್ತುಶಿಲ್ಪಿ ಬಿ.ವಿ. ದೋಶಿ ಇದಕ್ಕೆ ಕೈಹಾಕಿದ್ದು 1970ರ ದಶಕದಲ್ಲಿ. ಪ್ಯಾರಿಸ್ಸಿನ ಮೊರಾಕೊ ಭವನ ಏಳುತ್ತಿದ್ದಾಗ ಅವರು ಅದೇ ಊರಲ್ಲಿ ಲ ಕಾರ್ಬುಸಿಯೆ ಬಳಿ ಕೆಲಸ ಕಲಿಯುತ್ತಿದ್ದರು. ಇಲ್ಲಿ ಅವರ ಮನಸ್ಸಿನಲ್ಲಿದ್ದದ್ದು ಮಾತ್ರ ಫತೇಪುರ್ ಸಿಕ್ರಿ. ಆದರೂ ಸಿಕ್ರಿಯ ಗುಮ್ಮಟವನ್ನಾಗಲಿ ಕೆಂಪು ಕಲ್ಲನ್ನಾಗಲಿ ತರಲಿಲ್ಲ. ತಂದದ್ದು ಅಂಗಳ, ಮೊಗಸಾಲೆ, ನೆರಳು. ಗೋಡೆಗೆ ಸ್ಥಳೀಯ ಒರಟು ಗ್ರಾನೈಟ್. ಕಾರಿಡಾರಿನ ಮೇಲೆ ಅಲ್ಲಲ್ಲಿ ಛಾವಣಿಯ ಬದಲು ಕಾಂಕ್ರೀಟ್ ತೊಲೆಗಳು, ಅವುಗಳಿಗೆ ಹಬ್ಬಿದ ಬಳ್ಳಿ. ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕಿಳಿಯುತ್ತದೆ. ವಿದೇಶದಿಂದ ವಿನಿಮಯಕ್ಕೆ ಬಂದ ವಿದ್ಯಾರ್ಥಿಗೂ ಇಲ್ಲಿ ಮಾತಿಗೆ ಕೂರಲು ಜಗುಲಿಯಂಥ ಜಾಗಗಳಿಗೆ ಬರವಿಲ್ಲ. ‘ತ್ರೀ ಈಡಿಯಟ್ಸ್’ ನೋಡಿದವರಿಗೆ ಈ ಕಲ್ಲುಗೋಡೆಗಳು ಪರಿಚಿತ.

ಕೊರತೆಗಳೂ ಇವೆ. ಮೋಡ ಕವಿದ ದಿನ ಬೂದು ಕಲ್ಲು ತೀರಾ ಮಂಕು, ಮಳೆ ಬಂದರೆ ತೊಲೆಗಳ ಸಂದಿಯಿಂದ ನೀರು ನೇರ ತಲೆಗೇ. 100 ಎಕರೆಯ ಧಾರಾಳ ಎಲ್ಲರಿಗೂ ದಕ್ಕುವುದಿಲ್ಲ ಎಂಬುದೂ ನಿಜ.

ಆದರೆ ಬೆನ್ ಯೂಸುಫಿನ ಸಣ್ಣ ತೊಟ್ಟಿಗೆ ಎಕರೆಗಟ್ಟಲೆ ಜಾಗ ಬೇಡ, ಅತ್ತಿಬೆಲೆಯ 40-60 ಸೈಟಿನಲ್ಲೂ ಹಿಡಿಸುತ್ತದೆ. ಪಿಜಿ ಮಾಲೀಕರ ಲೆಕ್ಕದಲ್ಲಿ ಮಾತ್ರ ಅದು ಅಂತಸ್ತಿಗೊಂದು ರೂಮಿನ ಬಾಡಿಗೆ ಖೋತಾ.